ಪಾಳಿ ಕೊನೆಯಿಂದ ಶುರುವಾಯಿತು

ನಾವು ಭದ್ರಾ ಬಲದಂಡೆ ನಾಲೆಯ ಕೊನೆ ಭಾಗದವರು, ಮಲೇಬೆನ್ನೂರಿನ ಆಚೆ. ಅಣೆಕಟ್ಟೆ ತುಂಬಿ 186 ಅಡಿ ಮುಟ್ಟಿ ಬಾಗಿನದ ಫೋಟೋ ಪತ್ರಿಕೆಯಲ್ಲಿ ಬಂದರೂ ನಮ್ಮ ತೂಬಿನಲ್ಲಿ ಕಪ್ಪೆಯ ಬೆನ್ನೂ ನೆನೆಯದ ವರ್ಷಗಳಿವೆ.

2000ದ ನೀರಾವರಿ ತಿದ್ದುಪಡಿ ಕಾಯ್ದೆಯ ನಂತರ ಅಚ್ಚುಕಟ್ಟಿನಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು ಹುಟ್ಟಿದವು. ನಮ್ಮದೂ ಹುಟ್ಟಿ, ಬೋರ್ಡು ಬರೆಸಿಕೊಂಡು, ಮಲಗಿಬಿಟ್ಟಿತ್ತು. ನಾನು ಕಾರ್ಯದರ್ಶಿಯಾದಾಗ ಬೀರುವಿನಲ್ಲಿ ಸಿಕ್ಕಿದ್ದು ಒಂದು ನಡಾವಳಿ ಪುಸ್ತಕ, ಒಣಗಿದ ಸ್ಟಾಂಪ್ ಪ್ಯಾಡು.

ಉತ್ಸಾಹದಲ್ಲಿ ಸಭೆ ಕರೆದು, ಎಕರೆಗೆ ಇಷ್ಟು ಗಂಟೆ ಎಂದು ಪಟ್ಟಿ ಅಂಟಿಸಿದೆ. ಅದು ಎರಡು ರಾತ್ರಿ ಬಾಳಿತು. ಮೂರನೆಯ ರಾತ್ರಿ ಮೇಲ್ಭಾಗದವರು ಮರಳಿನ ಚೀಲ ಅಡ್ಡ ಇಟ್ಟು ನೀರು ತಿರುಗಿಸಿಕೊಂಡರು. ಕೇಳಿದರೆ ಒಬ್ಬ ಹುಡುಗ, “ನೀರು ಮೊದಲು ನಮ್ಮ ಬಾಗಿಲಿಗೇ ಬರುತ್ತದಲ್ಲ ಮಾವ, ನಾವೇನು ಕರೆದೆವೇ?” ಎಂದ.

2023ರಲ್ಲಿ ಮಳೆ ಕೈಕೊಟ್ಟಿತು, ಭದ್ರಾ ತುಂಬಲಿಲ್ಲ. ಬೇಸಿಗೆಯಲ್ಲಿ ನಾಲೆಗೆ ಕೆಲವು ದಿನ ನೀರು, ಕೆಲವು ದಿನ ಬಂದ್. ಬಿಟ್ಟ ನೀರು ಬಿಟ್ಟ ದಿನವೇ ನಮ್ಮನ್ನು ಮುಟ್ಟುವುದಿಲ್ಲ. ಬಿಸಿಲಿಗೆ ಬಾಯಿಬಿಟ್ಟ ನಾಲೆಯೇ ಮೊದಲು ಕುಡಿಯುತ್ತದೆ. ಆಗ ಪಾಳಿಯನ್ನು ತಲೆಕೆಳಗು ಮಾಡಿದೆವು. ಮೇಲಿನ ತೂಬುಗಳನ್ನು ಮುಚ್ಚಿ ನೀರನ್ನು ಒತ್ತಿನಿಂದ ಕೊನೆಗೆ ಹರಿಸುವುದು, ಆಮೇಲೆ ಒಂದೊಂದೇ ತೂಬು ತೆರೆಯುತ್ತ ಮೇಲಕ್ಕೆ ಬರುವುದು.

ಮೇಲ್ಭಾಗದವರು ಸುಮ್ಮನೆ ಒಪ್ಪಲಿಲ್ಲ. ಅವರ ಹೊಲಗಾಲುವೆಯ ಹೂಳನ್ನು ನಾವು ಗುದ್ದಲಿ ಹಿಡಿದು ತೆಗೆದೆವು. ನನ್ನ ಬೆನ್ನು ಇವತ್ತಿಗೂ ಅದನ್ನು ನೆನಪಿಸುತ್ತದೆ. ರಾತ್ರಿ ಕಾವಲಿಗೆ ಮೇಲಿನವನೊಬ್ಬ, ಕೆಳಗಿನವನೊಬ್ಬ, ಇಬ್ಬರಿಗೂ ಒಂದೇ ಬೈಕು. ತೂಬು ತೆರೆದು ಮುಚ್ಚುವ ನೀರುಗಂಟಿಗೆ ಕೂಲಿಯಾಗಿ ಕೊಡುವ ಭತ್ತವನ್ನು ಕೊನೆಯ ಗದ್ದೆ ನೆನೆದ ಮೇಲೆಯೇ ಅಳೆಯುವುದೆಂದು ಮಾತಾಯಿತು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ತೂಬಿನ ಪಕ್ಕ ನೆಟ್ಟ ಬಿದಿರಿನ ಕೋಲು. ಗೇಣಿಗೊಂದು ಕೆಂಪು ಗೆರೆ. ಬೆಳಿಗ್ಗೆ ಆರಕ್ಕೆ ಅದರ ಫೋಟೋ ಎಲ್ಲರ ಮೊಬೈಲಿಗೂ ಹೋಗುತ್ತದೆ. “ನಿನ್ನೆ ನೀರೇ ಇರಲಿಲ್ಲ” ಎನ್ನುವ ಜಗಳ ಅಲ್ಲಿಗೆ ನಿಂತಿತು. ನಾನು ಬರೆದ ನಡಾವಳಿಯನ್ನು ಯಾರೂ ನಂಬುತ್ತಿರಲಿಲ್ಲ, ಕೋಲನ್ನು ನಂಬಿದರು.

ಅಡಿಕೆ ತೋಟಗಳಿಗೆ ನಾಲೆಯಿಂದಲೇ ನೀರೆತ್ತುವ ಪಂಪ್‌ಸೆಟ್ಟುಗಳ ವಿಷಯದಲ್ಲಿ ಮಾತ್ರ ಸೋತಿದ್ದೇವೆ. ಅರ್ಜಿಗಳ ನಕಲಿನಿಂದ ಬೀರು ತುಂಬಿದೆ. ರಾತ್ರಿ ಹನ್ನೊಂದಕ್ಕೆ ಏರಿಯ ಮೇಲೆ ನಿಂತರೆ ದೂರದಲ್ಲಿ ಮೋಟಾರಿನ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ನೀರು ಒಂದು ಗೆರೆ ಕೆಳಗೆ.