"ಹಬಾರಿ ಗಾನಿ?" ಅಂದರೆ ಏನು ಹೇಳಬೇಕು?

ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಾ? ಡಿಸೆಂಬರ್ 26ರಿಂದ ಜನವರಿ 1ರೊಳಗೆ ಪಕ್ಕದ ಆಫ್ರಿಕನ್ ಅಮೆರಿಕನ್ ಮನೆಯವರು ಕರೆದರೆ ಅದು ಅವರ ಕ್ವಾನ್ಜಾ ಹಬ್ಬಕ್ಕೆ ಇರಬಹುದು. ತಪ್ಪಿಸಬೇಡಿ.

ನಾನು ಮೊದಲ ಸಲ ಹೋಗಿದ್ದು 28ನೇ ತಾರೀಕು. ಬಾಗಿಲಲ್ಲೇ ಅಜ್ಜಿ "ಹಬಾರಿ ಗಾನಿ?" ಅಂದರು. ಸ್ವಾಹಿಲಿಯಲ್ಲಿ "ಏನ್ ಸಮಾಚಾರ?" ಅಂತ. "ಚೆನ್ನಾಗಿದ್ದೀನಿ" ಅಂದೆ. ಮೊಮ್ಮಗಳು ಕಿಸಕ್ಕನೆ ನಕ್ಕಳು. ಹಬ್ಬದ ಏಳು ದಿನಕ್ಕೆ ಏಳು ತತ್ವ, ಆ ದಿನದ ತತ್ವದ ಹೆಸರೇ ಉತ್ತರವಂತೆ. ಮೂರನೇ ದಿನ ಅಂದರೆ "ಉಜಿಮಾ", ಕೂಡಿ ಮಾಡುವ ಕೆಲಸ.

ಚಾಪೆಯ ಮೇಲೆ ಕಿನಾರಾ ಅನ್ನೋ ದೀಪಸ್ತಂಭ. ನಡುವೆ ಒಂದು ಕಪ್ಪು ಮೇಣದಬತ್ತಿ, ಒಂದು ಪಕ್ಕ ಮೂರು ಕೆಂಪು, ಇನ್ನೊಂದು ಪಕ್ಕ ಮೂರು ಹಸಿರು. ಅವತ್ತು ಮೂರು ಉರೀತಿದ್ದವು. ಮನೆಯ ಮಕ್ಕಳ ಲೆಕ್ಕಕ್ಕೆ ಒಂದೊಂದು ಮೆಕ್ಕೆಜೋಳದ ತೆನೆ.

1965ರಲ್ಲಿ ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯಲ್ಲಿ ದಂಗೆ ಎದ್ದಿತ್ತು. ಮರುವರ್ಷ ಆಫ್ರಿಕನ್ ಅಮೆರಿಕನ್ ಹೋರಾಟಗಾರ ಮೌಲಾನಾ ಕರೆಂಗಾ ಶುರುಮಾಡಿದ ಹಬ್ಬ ಇದು. ಹೆಸರು ಬಂದಿದ್ದು "ಮೊದಲ ಫಸಲು" ಅನ್ನೋ ಸ್ವಾಹಿಲಿ ಮಾತಿನಿಂದ. ಸುಗ್ಗಿ ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾ? ಆದರೆ "ನಿಮ್ಮ ಕ್ರಿಸ್‌ಮಸ್ಸಾ?" ಅಂತ ಮಾತ್ರ ಕೇಳಬೇಡಿ. ಇದು ಯಾವ ಧರ್ಮದ್ದೂ ಅಲ್ಲ, ಎಷ್ಟೋ ಮನೆಗಳಲ್ಲಿ ಎರಡೂ ನಡೀತವೆ.

ಅಜ್ಜಿಗೆ ನಮ್ಮ ಕಡೆಯ ಮುಯ್ಯಾಳಿನ ವಿಷಯ ಹೇಳಿದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. "ಹಾಗಾದ್ರೆ ಉಜಿಮಾ ನಿನಗೆ ಗೊತ್ತು ಬಿಡು" ಅಂದರು. ಜನವರಿಯಲ್ಲಿ ಹಿಮ ಬಿದ್ದಾಗ ಅವರ ಮೆಟ್ಟಿಲೂ ಗುಡಿಸಿದೆ. ಮಾತಾಡಿದ ಮೇಲೆ ಸುಮ್ನೆ ಇರೋಕಾಗುತ್ತಾ?

ಎರಡನೇ ದಿನದ್ದು ಕುಜಿಚಗುಲಿಯಾ: ನಮ್ಮ ಹೆಸರು, ನಮ್ಮ ಮಾತು ನಾವೇ ನಿರ್ಧರಿಸೋದು. ಮಂಜುನಾಥ ಆಫೀಸಲ್ಲಿ "ಮ್ಯಾನಿ" ಆಗೋ ಮುಂಚೆ ಇದನ್ನ ಸ್ವಲ್ಪ ಯೋಚಿಸಲಿ. ನಾಲ್ಕನೆಯದು ಉಜಮಾ, ನಮ್ಮವರ ವ್ಯಾಪಾರ ನಾವೇ ನಿಲ್ಲಿಸಿಕೊಳ್ಳೋದು. ನಾವೋ ಇಂಡಿಯನ್ ಅಂಗಡಿ ಬಿಟ್ಟು ಅಲುಗಾಡಲ್ಲ! ನಾನೀಗ ಕ್ಷೌರಕ್ಕೆ, ಕೇಕಿಗೆ ಆಫ್ರಿಕನ್ ಅಮೆರಿಕನ್ನರ ಅಂಗಡಿಗಳಿಗೇ ಹೋಗ್ತೀನಿ.

ಮಕ್ಕಳಿಗೆ ದುಬಾರಿ ಆಟಿಕೆ ಬೇಡ, ಪುಸ್ತಕ ಕೊಡಿ. 31ರಂದು ಕರಾಮು, ಅಂದರೆ ದೊಡ್ಡ ಊಟ. ಚಿತ್ರಾನ್ನ ಒಯ್ಯಬಹುದು, ಅಲ್ಲಿ ಬೇಗ ಖಾಲಿಯಾಗುತ್ತೆ. ಕಡಲೆಕಾಯಿ ಹಾಕಿದ್ದರೆ ಮಾತ್ರ ಮೊದಲೇ ಹೇಳಿಬಿಡಿ. ಇಲ್ಲಿ ಅಲರ್ಜಿ ಜಾಸ್ತಿ.