ನೆಲ್ಸನ್ ಸ್ತಂಭವನ್ನು 1:100ಕ್ಕೆ ಇಳಿಸುವುದು: ನನ್ನ ಅನುಭವ

ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ನೆನಪಿಗೆ ನಿಂತಿರುವ ಸ್ತಂಭದ ಮಾದರಿ ಮಾಡುವವರು ಮರ ಮುಟ್ಟುವ ಮೊದಲು ಎರಡು ವಿಷಯ ತೀರ್ಮಾನಿಸಿಕೊಳ್ಳಬೇಕು: ಅದರ ಎತ್ತರ ಎಷ್ಟು, ಮತ್ತು ನೀವು ತೋರಿಸುತ್ತಿರುವುದು ಯಾವ ವರ್ಷದ ಸ್ತಂಭ.

ಹೆಚ್ಚಿನ ಮಾದರಿಗಳು ಹದಗೆಡುವುದು ಎತ್ತರದಲ್ಲೇ. ಹಳೆಯ ಲೆಕ್ಕ 185 ಅಡಿ. 2006ರ ದುರಸ್ತಿಯಲ್ಲಿ ಲೇಸರ್ ಹಿಡಿದು ಅಳೆದಾಗ ಸಿಕ್ಕಿದ್ದು 169 ಅಡಿ 3 ಅಂಗುಲ, ಅಂದರೆ 51.6 ಮೀಟರ್. ವಾಸ್ತುಶಿಲ್ಪಿ ವಿಲಿಯಂ ರೇಲ್ಟನ್ 203 ಅಡಿಗೆ ಯೋಜಿಸಿದ್ದರು. ಅಷ್ಟು ಎತ್ತರ ಭದ್ರವಲ್ಲ ಎಂಬ ಆತಂಕದಿಂದ ಅದು 170 ಅಡಿಗೆ, ಅದರಲ್ಲಿ ಕಂಬದ ಕಾಂಡ 98 ಅಡಿಗೆ ಇಳಿಯಿತು. ಎರಡು ಲೆಕ್ಕ ಹೀಗೆ ತಾಳೆಯಾಗುವುದರಿಂದ ನಾನು ಇವನ್ನೇ ನಂಬುತ್ತೇನೆ. ಮಾದರಿಯಲ್ಲಿ ಒಟ್ಟು 51.6 ಸೆಂ.ಮೀ., ಕಾಂಡ 29.9, ಪ್ರತಿಮೆ 5.5. ಹಳೆಯ ಲೆಕ್ಕ ಹಿಡಿದರೆ ನಾಲ್ಕು ಸೆಂ.ಮೀ.ಗೂ ಹೆಚ್ಚು ಬೆಳೆದು, ಬುಡದ ಸಿಂಹಗಳು ಬೆಕ್ಕಿನ ಮರಿಗಳಂತೆ ಕಾಣುತ್ತವೆ.

ಇನ್ನು ವರ್ಷ. ಕೆಲಸ ಶುರುವಾದದ್ದು 1840ರಲ್ಲಿ, ಪ್ರತಿಮೆ ಮೇಲೇರಿದ್ದು 1843ರಲ್ಲಿ. ಪೀಠದ ಕಂಚಿನ ಫಲಕಗಳಲ್ಲಿ ಕೊನೆಯದು ಬಂದದ್ದು 1854ಕ್ಕೆ, ಕಲಾವಿದ ಲ್ಯಾಂಡ್‌ಸೀರ್ ರೂಪಿಸಿದ ಸಿಂಹಗಳು 1867ಕ್ಕೆ. 1850ರ ಸ್ತಂಭಕ್ಕೆ ಸಿಂಹ ಕೂರಿಸಿದರೆ ಇತಿಹಾಸವೇ ಸುಳ್ಳಾಗುತ್ತದೆ. ಕಟ್ಟುತ್ತಿದ್ದ ಕಾಲದ ರೂಪ ಬೇಕಿದ್ದರೆ ಫಾಕ್ಸ್ ಟಾಲ್ಬಟ್ 1844ರಲ್ಲಿ ತೆಗೆದ ಫೋಟೊ ನೋಡಿ. ಸುತ್ತಲಿನ ಹಲಗೆ ಬೇಲಿಗೆ ಅಂಟಿಸಿದ ಪೋಸ್ಟರುಗಳೂ ಅದರಲ್ಲಿವೆ.

ಕಾಂಡಕ್ಕೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಒಳ್ಳೆಯದು. ಲೇತ್‌ನಲ್ಲಿ ನುಣುಪಾಗಿ ಬರುತ್ತದೆ, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಇದ್ದರೆ ಗೀರು ಕೊರೆದ ಮೇಲೆ ಸೀಳುತ್ತದೆ. ಇದು ಕೊರಿಂಥಿಯನ್ ಕಂಬ, ಅಂದರೆ ತಲೆಗೆ ಎಲೆಗಳ ಅಲಂಕಾರವಿರುವ ಗ್ರೀಕ್ ಶೈಲಿಯದು. ಅಂಥ ಕಂಬದ ಉದ್ದಕ್ಕೂ ಕೊರೆಯುವ ವಾಡಿಕೆಯ ಗೀರು 24. ಕಾಂಡಕ್ಕೆ ಒಂದು ಸುತ್ತು ಬರುವ ಕಾಗದದ ಪಟ್ಟಿಯನ್ನು ಮೊದಲು ಮೂರಾಗಿ, ಆಮೇಲೆ ಮೂರು ಸಲ ಅರ್ಧಕ್ಕೆ ಮಡಚಿ. 24 ಭಾಗ ಸಿಗುತ್ತವೆ. ಕಂಬ ಮೇಲೆ ಸಣ್ಣದಾಗುವುದರಿಂದ ತುದಿಗೆ ಬೇರೆಯೇ ಪಟ್ಟಿ ಬೇಕು. ಬುಡದ ಪಟ್ಟಿಯನ್ನೇ ತುದಿಗೂ ಸುತ್ತಿದರೆ ಗೀರುಗಳು ತಿರುಚಿಕೊಳ್ಳುತ್ತವೆ.

ಕಂಬದ ತಲೆಭಾಗವಾದ ಬೋದಿಗೆಗೆ ತೆಳು ತಾಮ್ರದ ತಗಡೇ ಸರಿ. ಮೂಲದಲ್ಲಿ ಅದರ ಎಲೆಗಳು ಕಂಚಿನವು. 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಹಡಗಿನ ತೋಪುಗಳನ್ನು ಕರಗಿಸಿ ಎರಕ ಹೊಯ್ದಿದ್ದು. ಆ ಲೋಹದ ಬಣ್ಣ ಬರಿಯ ಪೇಂಟಿನಿಂದ ಬರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಫಲಕಗಳು 18 ಅಡಿ ಚೌಕ, ಮಾದರಿಯಲ್ಲಿ 5.5 ಸೆಂ.ಮೀ. ಅವುಗಳಲ್ಲಿರುವುದು ನೆಲ್ಸನ್ ಹೋರಾಡಿದ ಕದನಗಳು: ದಕ್ಷಿಣಕ್ಕೆ ಟ್ರಫಾಲ್ಗರ್, ಉತ್ತರಕ್ಕೆ ನೈಲ್, ಪೂರ್ವಕ್ಕೆ ಕೋಪನ್‌ಹೇಗನ್, ಪಶ್ಚಿಮಕ್ಕೆ ಸೇಂಟ್ ವಿನ್ಸೆಂಟ್.

ಪ್ರತಿಮೆ ದಕ್ಷಿಣಕ್ಕೆ ಮುಖ ಮಾಡಿರಬೇಕು. ನೆಲ್ಸನ್ 1797ರಲ್ಲಿ ಟೆನೆರಿಫ್‌ನಲ್ಲಿ ಕಳೆದುಕೊಂಡದ್ದು ಬಲಗೈ. ಎಡಬಲ ತಿರುಗಿಸಿ ಅಚ್ಚಾದ ಫೋಟೊ ನೋಡಿ ಕೆತ್ತಿದರೆ ತೋಳು ಅದಲುಬದಲಾಗುತ್ತದೆ. ಕಣ್ಣಿಗೆ ಪಟ್ಟಿಯನ್ನಂತೂ ಹಾಕಬೇಡಿ. ಅದು ಪ್ರತಿಮೆಯಲ್ಲೂ ಇಲ್ಲ, ಅವರು ಧರಿಸಿದ್ದೂ ಇಲ್ಲ.

ಕಾಂಡ ಡಾರ್ಟ್‌ಮೂರ್ ಗ್ರಾನೈಟು, ಪ್ರತಿಮೆ ಕ್ರೇಗ್‌ಲೀತ್ ಮರಳುಗಲ್ಲು. ಎರಡಕ್ಕೂ ಒಂದೇ ಬೂದು ಬಳಿಯಬೇಡಿ. ಕೊನೆಗೆ ಹೊಳಪಿಲ್ಲದ ವಾರ್ನಿಷ್ ಕೊಡಿ, ಹೊಳೆದರೆ ಕಲ್ಲು ಪ್ಲಾಸ್ಟಿಕ್ಕಾಗಿ ಕಾಣುತ್ತದೆ.