ಕಾಪು ಕಡಲತೀರದಲ್ಲಿ ಚಪ್ಪಟೆ ಸೂರ್ಯನನ್ನು ಅಳೆದದ್ದು

ಸಮುದ್ರಕ್ಕೆ ಇಳಿಯುವ ಸೂರ್ಯ ದುಂಡಗಿರುವುದಿಲ್ಲ. ಸರಿಯಾಗಿ ನೋಡಿದರೆ ಮೇಲಿಂದ ಕೆಳಕ್ಕೆ ಚಪ್ಪಟೆಯಾಗಿರುತ್ತದೆ. ಗಾಳಿ ಬೆಳಕನ್ನು ಬಗ್ಗಿಸುವುದೇ ಇದಕ್ಕೆ ಕಾರಣ. ಶಾಲೆಯಲ್ಲಿ ವಕ್ರೀಭವನ ಅಂತ ಓದಿದ್ದೇವಲ್ಲ, ಅದೇ. ಇದನ್ನು ಸಾಮಾನ್ಯ ಕ್ಯಾಮೆರಾದಲ್ಲೇ ಅಳೆಯಬಹುದು. ನಾನು ಹೇಗೆ ಅಳೆದೆ ಅಂತ ಹೇಳುತ್ತೇನೆ.

ಕಾಪುವನ್ನು ಆರಿಸಿಕೊಂಡದ್ದು ಪಶ್ಚಿಮಕ್ಕೆ ಬರೀ ಅರಬ್ಬಿ ಸಮುದ್ರ ಇರುವುದರಿಂದ. ಬೆಂಗಳೂರಲ್ಲಿ ಕಟ್ಟಡ, ಮಲೆನಾಡಲ್ಲಿ ಬೆಟ್ಟದ ಸಾಲು. ನಮಗೆ ಬೇಕಾದ, ದಿಗಂತದ ಮೇಲಿನ ಕೊನೆಯ ಅರ್ಧ ಡಿಗ್ರಿ ಅಲ್ಲೆಲ್ಲ ಸಿಗುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಹೋಗಿ. ಮಳೆಗಾಲ ಸುಮ್ನೆ ದಂಡ. ದೀಪಸ್ತಂಭದ ಬಂಡೆಯ ಹತ್ತಿರ ಟ್ರೈಪಾಡ್ ನಿಲ್ಲಿಸಿ, 400 ಮಿ.ಮೀ. ಲೆನ್ಸ್ ಹಾಕಿ, ಎಲ್ಲವನ್ನೂ ಮ್ಯಾನುಯಲ್‌ಗೆ ತಂದೆ. ಸೂರ್ಯ ಮಂಕಾಗಿ ಕೆಂಪಾಗುವವರೆಗೂ ಸೋಲಾರ್ ಫಿಲ್ಟರ್ ತೆಗೆಯಲಿಲ್ಲ. ವ್ಯೂಫೈಂಡರ್‌ಗೆ ಕಣ್ಣಿಡಲೇಬೇಡಿ, ಹಿಂದಿನ ಪರದೆಯಲ್ಲೇ ನೋಡಿ.

ಅದೇ ಲೆನ್ಸಿನಲ್ಲಿ ಅದೇ ದಿನ ಮಧ್ಯಾಹ್ನವೂ ಫಿಲ್ಟರ್ ಹಾಕಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಇದು ತುಂಬಾ ಮುಖ್ಯ. ಸಂಜೆ ಸೂರ್ಯ ದೊಡ್ಡದಾಗುತ್ತದೆ, ಗಾಳಿ ಭೂತಗನ್ನಡಿ ಥರ ಕೆಲಸ ಮಾಡುತ್ತದೆ ಅಂತ ಬಹಳ ಜನ ನಂಬಿದ್ದಾರೆ, ಆದರೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಅಳೆದರೆ ಅಗಲ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ನನ್ನ ಚಿತ್ರಗಳಲ್ಲಿ ಸುಮಾರು 900 ಪಿಕ್ಸೆಲ್. ದೊಡ್ಡದಾಗಿ ಕಂಡದ್ದು ನಮ್ಮ ಮನಸ್ಸಿಗೆ ಮಾತ್ರ. ಬದಲಾದದ್ದು ಎತ್ತರ. ಸೂರ್ಯನ ಕೆಳ ಅಂಚು ನೀರಿಗೆ ತಾಗುವ ಹೊತ್ತಿಗೆ ಅದು 750ರ ಆಸುಪಾಸಿಗೆ ಇಳಿದಿತ್ತು. ಅಂದರೆ ಆರರಲ್ಲಿ ಒಂದು ಪಾಲು ಮಾಯ!

ಕೆಳಗಿನ ಗಾಳಿ ದಟ್ಟ, ಮೇಲಿನದು ತೆಳು. ಹಾಗಾಗಿ ಓರೆಯಾಗಿ ಬರುವ ಬೆಳಕು ನೆಲದ ಕಡೆಗೆ ಬಾಗುತ್ತಾ ಬರುತ್ತದೆ, ನಮಗೆ ಸೂರ್ಯ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೆತ್ತಿಯಲ್ಲಿ ಈ ಏರಿಕೆ ಸೊನ್ನೆ, 45 ಡಿಗ್ರಿಯಲ್ಲಿ ಸುಮಾರು 1 ಆರ್ಕ್‌ಮಿನಿಟ್, ಅಂದರೆ ಡಿಗ್ರಿಯ 60ನೇ ಒಂದು ಭಾಗ. ದಿಗಂತದಲ್ಲಿ ಮಾತ್ರ ಒಮ್ಮೆಲೇ 34 ಆರ್ಕ್‌ಮಿನಿಟ್‌ನಷ್ಟಾಗುತ್ತದೆ. ಅಲ್ಲಿ ಎಷ್ಟು ಬೇಗ ಏರುತ್ತದೆ ಅಂದರೆ, ಸೂರ್ಯನ ಮೇಲಂಚು 28-29ರಷ್ಟು ಮೇಲೆದ್ದಿದ್ದರೆ ಕೆಳಂಚು 34ರಷ್ಟು ಎದ್ದಿರುತ್ತದೆ. ಆ ವ್ಯತ್ಯಾಸವೇ ಚಪ್ಪಟೆತನ. 5 ಡಿಗ್ರಿ ಎತ್ತರದಲ್ಲಿ ತೆಗೆದ ಚಿತ್ರದಲ್ಲಿ ಅದು ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಕೊನೆಯ ಹತ್ತು ನಿಮಿಷವೇ ಬೇಕಾದದ್ದು.

ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುವ ಲೆಕ್ಕ ಇನ್ನೊಂದಿದೆ. ಸೂರ್ಯನ ಅಗಲ ಸುಮಾರು 32 ಆರ್ಕ್‌ಮಿನಿಟ್, ಗಾಳಿ ಎತ್ತುವುದು 34. ಅಂದಮೇಲೆ ಸೂರ್ಯ ಆಗ ತಾನೇ ನೀರಿಗೆ ತಾಗಿತು ಅಂತ ನಾವು ನೋಡುವ ಹೊತ್ತಿಗೆ ನಿಜವಾದ ಸೂರ್ಯ ಪೂರ್ತಿ ದಿಗಂತದ ಕೆಳಗೆ ಹೋಗಿಯಾಗಿದೆ, ಅಲ್ವಾ? ಡಿಸೆಂಬರಿನಲ್ಲಿ ಕರಾವಳಿಯಲ್ಲಿ ಇದು ಸುಮಾರು ಎರಡೂವರೆ ನಿಮಿಷದ ಬೆಳಕು. ಬೆಳಗ್ಗೆಯೂ ಅಷ್ಟೇ ಸಿಗುತ್ತದೆ. ನಂಬಿಕೆ ಬಾರದಿದ್ದರೆ ಕಂಪ್ಯೂಟರಿನಲ್ಲಿ ಆಕಾಶ ತೋರಿಸುವ ಸ್ಟೆಲೇರಿಯಂ ಎಂಬ ತಂತ್ರಾಂಶದಲ್ಲಿ ಆ ಕ್ಷಣಕ್ಕೆ ಸಮಯ ಇಟ್ಟು, ವಾತಾವರಣವನ್ನು ಆಫ್ ಮಾಡಿ ನೋಡಿ.

ಎಲ್ಲ ಸಂಜೆಯೂ ಅಚ್ಚುಕಟ್ಟಾದ ಅಂಡಾಕಾರ ಸಿಗುವುದಿಲ್ಲ. ನೀರು ಬೆಚ್ಚಗಿದ್ದು ಮೇಲಿನ ಗಾಳಿ ತಂಪಾಗಿದ್ದರೆ ಕೆಳಗೆ ಇನ್ನೊಂದು ತಲೆಕೆಳಗಾದ ಸೂರ್ಯ ಮೂಡಿ ಎರಡೂ ಕೂಡಿಕೊಳ್ಳುತ್ತವೆ. ಗಾಳಿಯಲ್ಲಿ ಬಿಸಿ-ತಂಪಿನ ಪದರಗಳಿದ್ದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಅಂಥ ಚಿತ್ರಗಳನ್ನು ಅಳತೆಗೆ ಬಳಸಬೇಡಿ, ಆದರೆ ಅಳಿಸಲೂ ಬೇಡಿ. ಆ ಸಂಜೆ ನೀರಿನ ಮೇಲೆ ಗಾಳಿ ಹೇಗೆ ಪದರ ಕಟ್ಟಿತ್ತು ಅನ್ನುವುದು ಅವುಗಳಲ್ಲೇ ಇರುವುದು.